ಆ್ಯಕ್ಷನ್‌ನಿಂದ ವೆಕೇಷನ್‌ವರೆಗೆ

ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಮೊದಮೊದಲು ಮನೆಗೆ ಹೋಗಿ ಹೇಳಿಕೊಂಡು ನಗುತ್ತಿದ್ದೆ. ಈಗ ಮನೆಯವರೇ ಬೇಡ ಅಂದಿದ್ದಾರೆ.

ಚಾಮರಾಜಪೇಟೆಯ ಹಿಟ್ಟಿನ ಗಿರಣಿಯೊಂದರ ಮಹಡಿಯಲ್ಲಿ ನನ್ನ ಕ್ಲಾಸು. ಗಿರಣಿ ಓಡುವಾಗ ಸುಮ್ಮನಿರುತ್ತೇವೆ, ನಿಂತಾಗ ಇಂಗ್ಲಿಷ್ ಮಾತಾಡುತ್ತೇವೆ. ಆ ವರ್ಷ ಬೆಳಗಿನ ಬ್ಯಾಚಿಗೆ ಬಳೇಪೇಟೆಯ ಬಳೆ ವ್ಯಾಪಾರಿಯೊಬ್ಬರು ಸೇರಿದರು. ಮೂರೂವರೆ ವರ್ಷದ ಮಗಳಿಗೆ ಬಸವನಗುಡಿಯ ಒಂದು ಶಾಲೆಯಲ್ಲಿ ಸೀಟು ಬೇಕಿತ್ತು. ಅಲ್ಲಿ ಮಗುವಿಗಿಂತ ಮೊದಲು ಅಪ್ಪನಿಗೆ ಇಂಟರ್‌ವ್ಯೂ, ಅದೂ ಇಂಗ್ಲಿಷಿನಲ್ಲಿ.

"ಎರಡೇ ತಿಂಗಳು ಇದೆ ಸಾರ್. ನನ್ನಿಂದ ನನ್ನ ಮಗು ಸೀಟು ಹೋದ್ರೆ ಮನೇಲಿ ತಲೆ ಎತ್ತಕ್ಕಾಗಲ್ಲ," ಅಂದರು.

ಪಟ್ಟಿ

ನನ್ನ ಹತ್ತಿರ ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಪುಸ್ತಕವೊಂದಿದೆ. ಅದರಲ್ಲಿ ಒಂದೇ ಬಾಲದ ಪದಗಳೆಲ್ಲ ಒಂದೊಂದು ಪುಟದಲ್ಲಿ, ಅಕಾರಾದಿಯಾಗಿ, ಕನ್ನಡ ಅರ್ಥದ ಜೊತೆ. ಟಿ, ಐ, ಓ, ಎನ್ ಎಂದು ಮುಗಿಯುವ ಪುಟವನ್ನು ಜೆರಾಕ್ಸ್ ಮಾಡಿಸಿ ಕೊಟ್ಟೆ. ಆ್ಯಕ್ಷನ್‌ನಿಂದ ವೆಕೇಷನ್‌ವರೆಗೆ ನಲವತ್ತು ಪದ. ಅವರು ಬೆರಳಿಟ್ಟು ಮೇಲಿಂದ ಕೆಳಗೆ ಹುಡುಕಿದರು.

"ಸಾರ್, ಅಡ್ಮಿಷನ್ನೇ ಇಲ್ವಲ್ಲ?"

"ಅದರ ಬಾಲದಲ್ಲಿ ಎರಡು ಎಸ್ಸು. ಅದು ಬೇರೆ ಪುಟ, ಮುಂದಿನ ತಿಂಗಳು."

"ಸ್ಕೂಲಿನೋರೂ ಹೀಗೇ ಅಂದ್ರು ಸಾರ್," ಎಂದು ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡರು.

ಮಗ್ಗಿ

ಹತ್ತು ದಿನಕ್ಕೆ ಪಟ್ಟಿ ಪೂರ್ತಿ ಬಾಯಿಪಾಠ. ನನಗೆ ಸಂತೋಷವಾಯಿತು. ಅಪರೂಪಕ್ಕೆ ಆಗುತ್ತದೆ, ಆದ್ದರಿಂದ ನೆನಪಿದೆ.

"ಕಂಡಿಷನ್ ಅಂದ್ರೇನು?" ಎಂದೆ.

ಅವರು ಕಣ್ಣು ಮುಚ್ಚಿದರು. "ಆ್ಯಕ್ಷನ್ ಅಂದ್ರೆ ಕ್ರಿಯೆ, ಅಡಿಷನ್ ಅಂದ್ರೆ ಕೂಡಿಸೋದು, ಆಂಬಿಷನ್ ಅಂದ್ರೆ ಹೆಬ್ಬಯಕೆ..."

"ಅಷ್ಟು ದೂರದಿಂದ ಯಾಕೆ ಬರ್ತೀರಿ? ನೇರ ಕಂಡಿಷನ್‌ಗೇ ಬನ್ನಿ."

"ಏಳೆಂಟ್ಲ ಎಷ್ಟು ಅಂದ್ರೆ ನೀವು ಏಳೊಂದ್ಲ ಏಳರಿಂದ ಬರಲ್ವಾ ಸಾರ್?"

ಇಪ್ಪತ್ತೆಂಟು ವರ್ಷದಿಂದ ಮೇಷ್ಟ್ರಾಗಿದ್ದೇನೆ, ಸುಳ್ಳು ಹೇಳಲಾಗಲಿಲ್ಲ. ನಾನು ಈಗಲೂ ಹಾಗೇ ಬರುವುದು, ಅದೂ ಬೆರಳು ಮಡಿಸಿಕೊಂಡು.

ಅಂಗಡಿ

ಒಂದು ದಿನ ಅವರ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಗಲ್ಲಾಪೆಟ್ಟಿಗೆ ಮುಂದೆ ಕಣ್ಣು ಮುಚ್ಚಿ ಕೂತು ಪಿಟಿಪಿಟಿ ತುಟಿ ಆಡಿಸುತ್ತಿದ್ದರು. ಊರಿಂದ ಬಂದ ಹೆಂಗಸೊಬ್ಬಳು ಹಸಿರು ಬಳೆಯ ರೇಟು ಕೇಳಿದಳು. ಇವರು ಕಣ್ಣು ಬಿಡದೆ 'ತಡೀರಿ' ಎಂಬಂತೆ ಅಂಗೈ ತೋರಿಸಿದರು. ನಡುವೆ ನಿಂತರೆ ಮತ್ತೆ ಆ್ಯಕ್ಷನ್‌ನಿಂದ ಹೊರಡಬೇಕಲ್ಲ. ಆಕೆ ಗಾಬರಿಯಾಗಿ ಚಪ್ಪಲಿ ಕಳಚಿ, ಕೈಮುಗಿದು ನಿಂತಳು. ವೆಕೇಷನ್ ಮುಗಿದ ಮೇಲೆ ಹೇಳಿದ ರೇಟಿಗೆ ಚೌಕಾಸಿ ಮಾಡದೆ ಹನ್ನೆರಡು ಡಜನ್ ಒಯ್ದಳು.

"ಇಂಗ್ಲಿಷ್ ಬಂದ್ರೆ ವ್ಯಾಪಾರ ಸುಧಾರಿಸುತ್ತೆ ಅಂತಿದ್ರು ಸಾರ್," ಎಂದರು ನನಗೆ. "ನಿಜ ನೋಡಿ."

ಫೋನು

ಅವರ ಹೆಂಡತಿ ಫೋನ್ ಮಾಡಿದರು. "ಸಾರ್, ಸಾರಿಗೆ ಉಪ್ಪು ಸಾಕಾ ಅಂತ ಕೇಳಿದ್ರೆ ಕೈ ಅಡ್ಡ ಹಿಡೀತಾರೆ. ಇದಕ್ಕೊಂದು ಕೊನೆ ಇದ್ಯಾ?"

"ಇದೆಯಮ್ಮ," ಎಂದೆ. "ವೆಕೇಷನ್."

ಆಕೆ ಫೋನ್ ಇಟ್ಟರು.

ಇಂಟರ್‌ವ್ಯೂ

ಇದು ಅವರೇ ಬಂದು ಹೇಳಿದ್ದು. ಗಂಡ, ಹೆಂಡತಿ, ಮಗು ಮೂವರೂ ಪ್ರಿನ್ಸಿಪಾಲರ ಮುಂದೆ ಕೂತಿದ್ದಾರೆ. ಪ್ರಿನ್ಸಿಪಾಲ್ ಮೇಡಂ ಮುಖದಲ್ಲಿ ನಗುವಿಲ್ಲ. ನಮ್ಮ ಶಾಲೆಯಿಂದ ನಿಮ್ಮ ಎಕ್ಸ್‌ಪೆಕ್ಟೇಷನ್ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಎಕ್ಸ್‌ಪೆಕ್ಟೇಷನ್ ಪಟ್ಟಿಯಲ್ಲಿ ಹನ್ನೊಂದನೆಯದು. ಇವರು ಕಣ್ಣು ಮುಚ್ಚಿ ಮೊದಲಿನಿಂದ ಹೊರಟರು. ಅಟೆನ್ಷನ್‌ಗೆ ಬರುವಷ್ಟರಲ್ಲಿ ಜವಾನ ನೀರಿನ ಲೋಟ ಕುಕ್ಕಿದ. ಮತ್ತೆ ಮೊದಲಿನಿಂದ. ಹೆಂಡತಿ ಕಾಲು ತುಳಿದರು. ಮತ್ತೆ ಮೊದಲಿನಿಂದ. ಪ್ರಿನ್ಸಿಪಾಲರು ಗಡಿಯಾರ ನೋಡಿ ಅರ್ಜಿಯ ಮೇಲೆ ಕೆಂಪು ಪೆನ್ನು ಇಟ್ಟರು. ಅದನ್ನು ಕಂಡು ಇವರಿಗಾದ ಗಾಬರಿಯಲ್ಲಿ ಸದ್ದು ಹೊರಗೇ ಬಂತು: "ಕಾಷನ್... ಕಲೆಕ್ಷನ್... ಕಂಡಿಷನ್..." ಅಲ್ಲಿಗೆ ನಿಂತಿತು. ಮುಂದಿನದು ಮರೆತೇಹೋಗಿದೆ.

ಎರಡು ತಿಂಗಳು ಮನೆಯಲ್ಲಿ ಇದನ್ನೇ ಕೇಳಿಕೊಂಡು ಬೆಳೆದ ಮಗು ತೊಡೆಯ ಮೇಲಿಂದ ಕೂಗಿತು: "ಡೊನೇಷನ್! ಅಪ್ಪಾ, ಡೊನೇಷನ್!"

"ಹಾಂ, ಡೊನೇಷನ್!" ಎಂದು ಇವರು ಖುಷಿಯಲ್ಲಿ ಮೇಜು ಗುದ್ದಿದರು.

ಪ್ರಿನ್ಸಿಪಾಲರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಜವಾನನನ್ನು ಹೊರಗೆ ಕಳಿಸಿದರು. ತಾವೇ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು, ಮೊದಲ ಸಲ ನಕ್ಕರು.

"ಸೀಟು ಆಯ್ತು ಸಾರ್," ಎಂದು ಮೈಸೂರ್ ಪಾಕಿನ ಡಬ್ಬಿ ನನ್ನ ಮೇಜಿನ ಮೇಲಿಟ್ಟರು.

"ಒಳ್ಳೇದಾಯ್ತು. ಎಕ್ಸ್‌ಪೆಕ್ಟೇಷನ್‌ಗೆ ಕೊನೆಗೆ ಏನು ಹೇಳಿದ್ರಿ?"

"ನಾನೆಲ್ಲಿ ಹೇಳ್ದೆ ಸಾರ್? ಅಲ್ಲೀತನಕ ಹೋಗಕ್ಕೇ ಬಿಡ್ಲಿಲ್ಲ. ಬಾಗಿಲು ಹಾಕಿದ್ಮೇಲೆ ಅವರ ಎಕ್ಸ್‌ಪೆಕ್ಟೇಷನ್ ಏನು ಅಂತ ಅವರೇ ಹೇಳಿದ್ರು. ಅಚ್ಚ ಕನ್ನಡದಲ್ಲಿ."