ಪೇದೆ ಉಗ್ರಪ್ಪನ ಎಸ್ಸೆಸ್ಸೆಲ್ಸಿ

"ಡ್ರೆಸ್ ಹಾಕ್ಕೊಂಡೇ ಹೋಗಪ್ಪ ಉಗ್ರಪ್ಪ. ಪೊಲೀಸ್ ಟೋಪಿ ಕಂಡ್ರೆ ಮೇಷ್ಟ್ರುಗಳು ಮಾರ್ಕ್ಸು ಕೊಡೋಕೆ ಹಿಂದೆ ಮುಂದೆ ನೋಡಲ್ಲ."

ಗೋವಿಂದರಾಜನಗರದ ವಠಾರದ ಒಡತಿ ಗಂಗಲಕ್ಷ್ಮಮ್ಮ ಆಡಿದ ಈ ಮಾತಿನಿಂದಲೇ ಎಲ್ಲ ಶುರುವಾಯಿತು.

ಎಸ್ಸೆಸ್ಸೆಲ್ಸಿ ಮುಗಿಸಿದ ಪೇದೆಗೆ ಸಂಬಳ ಏರುತ್ತದೆಂದು ಸ್ಟೇಷನ್ನಿನಲ್ಲಿ ಹೇಳಿದ್ದರು. ಏರಿದರೆ ಮಗಳು ಜಲಜಾಳನ್ನು ಕಾಲೇಜಿಗೆ ಸೇರಿಸಬಹುದು. ಉಗ್ರಪ್ಪನಿಗೆ ಪಾಸಾಗಲು ಉಳಿದಿದ್ದು ಚರಿತ್ರೆ ಒಂದೇ. ಪಕ್ಕದ ಮನೆಯ ಗುಮಾಸ್ತ ಜಗನ್ನಾಥರಾಯರು ದಿನಾ ಸಂಜೆ ಭಾರತ ವಾಚಿಸುವ ರಾಗದಲ್ಲೇ ಮೊಗಲ್ ದೊರೆಗಳನ್ನು ಹಾಡಿ ಹಾಡಿ ಕಲಿಸಿದ್ದರು. ಆ ಪುಣ್ಯಾತ್ಮರ ಕಾಲಿಗೆ ಬಿದ್ದು, ಗಂಗಲಕ್ಷ್ಮಮ್ಮ ಕೊಟ್ಟ ಮೊಸರು ಸಕ್ಕರೆ ತಿಂದು, ಉಗ್ರಪ್ಪ ಖಾಕಿ ತೊಟ್ಟು ರಾಜಾಜಿನಗರದ ಶಾಲೆಗೆ ಹೋದ.

ಗೇಟಿನಲ್ಲೇ ಹೆಡ್ಮಾಸ್ಟರು ಅವನ ಕೈ ಹಿಡಿದುಕೊಂಡರು.

"ಸದ್ಯ, ಬಂದ್ರಲ್ಲಪ್ಪ! ಪೊಲೀಸ್ ಕಳಿಸಿ ಅಂತ ಕೇಳಿ ಕೇಳಿ ಸಾಕಾಗಿತ್ತು. ಹಿಂದಿನ ಗೋಡೆ ಹತ್ರ ನಿಂತ್ಕೊಳ್ಳಿ, ಚೀಟಿ ಎಸೀತಾರೆ."

"ಸಾರ್, ನಾನು ಪರೀಕ್ಷೆಗೆ..."

"ಗೊತ್ತು, ಪರೀಕ್ಷೆಗೇ ಬಂದಿದೀರಿ. ಮೊದ್ಲು ನಡೀರಿ!"

ಆರ್ಡರ್ ಬಿದ್ದರೆ ಉಗ್ರಪ್ಪನ ಕಾಲುಗಳು ತಲೆಯನ್ನು ಕೇಳುವುದಿಲ್ಲ. ಅವು ನಡೆದೇಬಿಟ್ಟವು. ಹೆಡ್ಮಾಸ್ಟರು ಮತ್ತೆ ಬಂದ ಕೂಡಲೇ ಹೇಳಿಬಿಡಬೇಕೆಂದು ನೆಟ್ಟ ಕಂಬದಂತೆ ನಿಂತ. ಗಂಟೆ ಹೊಡೆಯಿತು. ಹೆಡ್ಮಾಸ್ಟರು ಬರಲಿಲ್ಲ. ಬಂದದ್ದು ಕಲ್ಲಿಗೆ ಸುತ್ತಿದ ಚೀಟಿ. ಟಪ್ಪೆಂದು ಟೋಪಿಗೇ ಬಿತ್ತು.

ಇಣುಕಿ ನೋಡಿದರೆ ಗೋಡೆಯಾಚೆ ಸ್ಟೂಲಿನ ಮೇಲೆ ಜಗನ್ನಾಥರಾಯರು, ಸ್ಟೂಲು ಹಿಡಿದು ಗಂಗಲಕ್ಷ್ಮಮ್ಮ!

"ಉಗ್ರಪ್ಪನ್ಗೆ ತಲುಪ್ತೇನ್ರೀ?"

"ಅಮ್ಮಾ, ನಾನು ಇಲ್ಲೇ ಇದೀನಿ."

"ಅಯ್ಯೋ, ಇಷ್ಟ್ ಬೇಗ ಬರ್ದು ಮುಗಿಸ್ಬಿಟ್ಯಾ?"

"ಹಾಡಿದ್ರೆ ಬರುತ್ತೆ, ಬರೆಯೋಕ್ ಕೂತ್ರೆ ಮರೀತೀಯ ಅಂತ ದೊರೆಗಳ ಹೆಸರು ಬರ್ಕೊಂಡು ಬಂದ್ವಿ ಕಣೋ," ಎಂದರು ರಾಯರು ನಾಚಿಕೊಂಡು.

ಉಗ್ರಪ್ಪನ ಕಣ್ಣು ತುಂಬಿ ಬಂತು. ತನಗಾಗಿ ಈ ವಯಸ್ಸಿನಲ್ಲಿ ಗೋಡೆ ಹತ್ತುವವರು ಇನ್ನಾರಿದ್ದಾರೆ? "ನಿಮ್ಮ ದಮ್ಮಯ್ಯ, ಇಳೀರಿ ರಾಯರೇ. ಹಿಡಿಯೋ ಡ್ಯೂಟಿ ನಂದೇ!" ಎಂದು ಕೈಮುಗಿದು ಇಬ್ಬರನ್ನೂ ಸಾಗಹಾಕಿದ.

ಅಷ್ಟರಲ್ಲಿ ಓಡಿ ಬಂದ ಹೆಡ್ಮಾಸ್ಟರು, "ಭೇಷ್! ಒಂದ್ ಚೀಟೀನೂ ಒಳಗ್ ಬಿಟ್ಟಿಲ್ಲ!" ಎಂದು ಬೆನ್ನು ತಟ್ಟಿದರು. ಉಗ್ರಪ್ಪ ಹಾಲ್ ಟಿಕೆಟ್ ತೋರಿಸಿದ. ಅವರ ಮುಖ ಇಳಿಯಿತು.

"ಅಯ್ಯೋ ದೇವರೇ! ಅರ್ಧ ಗಂಟೆ ಮೀರಿದ್ಮೇಲೆ ಒಳಗೆ ಬಿಡೋ ಹಾಗಿಲ್ವಲ್ಲಪ್ಪ. ಇರ್ಲಿ, ನಿಮ್ಮ ಉಪಕಾರ ಮರೆಯಲ್ಲ. ಈಗ್ಲೇ ನಿಮ್ಮ ಇನ್ಸ್‌ಪೆಕ್ಟ್ರಿಗೆ ಫೋನ್ ಮಾಡ್ತೀನಿ."

ಸಂಜೆ ಇನ್ಸ್‌ಪೆಕ್ಟರು ನಗುನಗುತ್ತಾ ಕರೆಸಿದರು. ಸಂಬಳವೇ ಏರಿತೇನೋ ಎಂದು ಉಗ್ರಪ್ಪನ ಮನಸ್ಸು ಅರಳಿತು.

"ಏನಯ್ಯಾ, ಹೆಡ್ಮಾಸ್ಟ್ರು ನಿನ್ನ ಹೊಗಳಿದ್ದೇ ಹೊಗಳಿದ್ದು! ನೀನೇ ಬೇಕಂತೆ. ಇನ್ಮೇಲೆ ಯಾವ ಪರೀಕ್ಷೆ ನಡೆದ್ರೂ, ರಿಟೈರ್ ಆಗೋವರ್ಗೂ ಆ ಗೋಡೆ ನಿಂದೇ. ರಜಾ ಗಿಜಾ ಕೇಳ್ಬೇಡ."

ಉಗ್ರಪ್ಪನ ಕಾಲುಗಳು ತಾವಾಗಿಯೇ ಕೂಡಿಕೊಂಡವು, ಕೈ ಹಣೆಗೇರಿತು.

"ತುಂಬಾ ಉಪಕಾರ ಆಯ್ತು ಸಾರ್," ಎಂದಿತು ಬಾಯಿ.