ಒಂಬತ್ತು ಮಂದಿ ವಯಸ್ಕರು

ಆನೆಕಾಲು ರೋಗವು ಎಂಟು ವರ್ಷಗಳ ಹಿಂದೆ, ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಸದರಿ ಜಿಲ್ಲೆಯಿಂದ ಅಧಿಕೃತವಾಗಿ ನಿರ್ಮೂಲನೆಗೊಂಡಿತು. ರೋಗ ತರುವ ಹುಳುಗಳಿಗೆ ಈ ವಿಷಯ ತಿಳಿಸಿದ ಬಗ್ಗೆ ಕಡತದಲ್ಲಿ ದಾಖಲೆಯಿಲ್ಲ.

ಹೋದ ರೋಗ ಹೋದಂತೆಯೇ ಇದೆಯೇ ಎಂದು ನಿಗಾ ಇಡಲು, ರಕ್ತದಲ್ಲಿ ಪ್ರತಿಕಾಯ ಹುಡುಕುವ ಮೂರು ಬಗೆಯ ಕಿಟ್‌ಗಳು ಬಂದವು. ಯಾವುದು ವಾಸಿ ಎಂದು ನೋಡಿ ಹೇಳುವ ಕೆಲಸ ಪ್ರಯೋಗಾಲಯದ ತಂತ್ರಜ್ಞೆಯ ತಲೆಗೆ ಬಿತ್ತು. ಮೊದಲ ಕಿಟ್, ಕಾಲು ಕಂಬದಂತೆ ಊದಿದ್ದ ಕಾವಲುಗಾರನ ರಕ್ತವನ್ನೂ ಶುದ್ಧವೆಂದಿತು. ಎರಡನೆಯದು ನಲ್ಲಿ ನೀರಿಗೂ ರೋಗವಿದೆಯೆಂದಿತು. ಮೂರನೆಯದು ಮಾತ್ರ ನಲವತ್ತು ಮಾದರಿಗಳಲ್ಲಿ ನಲವತ್ತನ್ನೂ ಸರಿಯಾಗಿ ಹೇಳಿತು. ಆಕೆಗೆ ಖುಷಿಯೋ ಖುಷಿ. ಅದನ್ನೇ ಹಿಡಿದು ಹಳೇ ಸೇತುವೆ ಬೀದಿಗೆ ಹೋಗಿ ಮಕ್ಕಳ ಬೆರಳು ಚುಚ್ಚಿದಳು. ಒಂಬತ್ತು ಮಕ್ಕಳಿಗೆ ಕಿಟ್‌ನಲ್ಲಿ ಸೋಂಕಿನ ಕೆಂಪು ಗೆರೆ ಮೂಡಿತು. ಒಬ್ಬರಿಗೂ ಏಳು ತುಂಬಿರಲಿಲ್ಲ.

ನಿರ್ದೇಶಕರು ವರದಿಯನ್ನು ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ದೊಡ್ಡವರಲ್ಲಿ ಗೆರೆ ಬಂದರೆ ಹಳೇ ಸೋಂಕೆಂದು ಬಿಟ್ಟುಬಿಡಬಹುದು, ರೋಗ ಹೋದಮೇಲೆ ಹುಟ್ಟಿದ ಮಗುವಿನಲ್ಲಿ ಬಂದರೆ ಹುಳು ಇನ್ನೂ ಓಡಾಡುತ್ತಿದೆ ಎಂದೇ ಅರ್ಥ ಎಂದು ಆಕೆ ಬಿಡಿಸಿ ಹೇಳಿದಳು.

"ಅಂದ್ರೆ ತೊಂದ್ರೆ ಇರೋದು ವಯಸ್ಸಲ್ಲಿ," ಎಂದರು ನಿರ್ದೇಶಕರು.

ಮೂರನೇ ದಿನ ಸುತ್ತೋಲೆ ಹೊರಬಿತ್ತು: "ಪ್ರತಿಕಾಯ ಪತ್ತೆಯಾದ ಯಾವುದೇ ಮಗುವನ್ನು, ಹುಟ್ಟಿದ ದಿನದಿಂದ ಪೂರ್ವಾನ್ವಯವಾಗುವಂತೆ, ವಯಸ್ಕರೆಂದು ಪರಿಗಣಿಸತಕ್ಕದ್ದು. ಈ ಸಂಬಂಧ ಹಾಲುಹಲ್ಲುಗಳನ್ನು ಆಧಾರವಾಗಿ ಸ್ವೀಕರಿಸಲಾಗುವುದಿಲ್ಲ."

"ಮಾತ್ರೆ ಕೊಡೋದು ಬೇಡ್ವಾ ಸರ್?"

"ಹಳೇ ಸೋಂಕಿಗೆ ಮಾತ್ರೆ ಯಾಕಮ್ಮಾ?"

ಆ ಮಕ್ಕಳ ಕಾಲುಗಳೇ ಆಕೆಯ ಕಣ್ಣಿಗೆ ಕಟ್ಟುತ್ತಿದ್ದವು. ಮಾತ್ರೆ ಕೋರಿ ಮೇಲಿನ ಕಚೇರಿಗೆ ಮೂರು ಪತ್ರ ಬರೆದಳು. ಮೂರೂ ವಾಪಸು ಬಂದವು, ವಯಸ್ಕರ ಪರವಾಗಿ ಇತರರು ಅರ್ಜಿ ಹಾಕುವಂತಿಲ್ಲ, ಅವರೇ ಸಹಿ ಮಾಡಬೇಕು ಎಂಬ ಷರಾದೊಂದಿಗೆ.

ಆಕೆ ಆ ಷರಾವನ್ನು ಎರಡು ಸಲ ಓದಿದಳು. ಆಮೇಲೆ ಅರ್ಜಿ, ಪೆನ್ನು ಹಿಡಿದು ಸೀದಾ ಹಳೇ ಸೇತುವೆ ಬೀದಿಗೆ ನಡೆದಳು. ಒಬ್ಬಳು ತನಗೆ ಬರುವ ಒಂದೇ ಅಕ್ಷರ ಬರೆದಳು. ಒಬ್ಬ ಬೆಕ್ಕಿನ ಚಿತ್ರ ಬಿಡಿಸಿದ. ಬಾಲ ಪಕ್ಕದ ಅರ್ಜಿದಾರನ ಜಾಗಕ್ಕೂ ಹೋಯಿತು. ಮೇಲಿನ ಕಚೇರಿಯ ಗುಮಾಸ್ತರು ಬೆಕ್ಕನ್ನು ಪರಿಶೀಲಿಸಿ, ಸಹಿ ತಾಳೆಯಾಗಿದೆ ಎಂದು ಮೊಹರು ಒತ್ತಿದರು. ವಾರದೊಳಗೆ ಮಾತ್ರೆ ಬಂತು. ಆಕೆ ಒಂಬತ್ತೂ ಮಂದಿ ವಯಸ್ಕರನ್ನು ತೂಕಕ್ಕೆ ನಿಲ್ಲಿಸಿ, ವೈದ್ಯರಿಂದ ಬರೆಸಿ, ಎದುರಿಗೇ ನುಂಗಿಸಿದಳು.

ಮರುದಿನ ಅದೇ ಬೀದಿಯ ದರ್ಜಿಯ ಹೆಂಡತಿ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. "ಅಕ್ಕಾ, ಇವ್ನಿಗಿನ್ನೂ ಮೂರು. ಇವ್ನನ್ನೂ ದೊಡ್ಡೋನು ಮಾಡಿಕೊಡ್ತೀರಾ?"

ತಂತ್ರಜ್ಞೆ ಬೆರಳು ಚುಚ್ಚಿ ಕಾದಳು. ಗೆರೆ ಬಂತು. ಅರ್ಜಿ ತೆಗೆದು, ವಯಸ್ಕ ಎಂದು ಗುರುತು ಹಾಕಿ, ಉದ್ಯೋಗ ಏನೆಂದು ಕೇಳಿದಳು.

ತಾಯಿ ಮಗನ ಮೂಗು ಒರೆಸುತ್ತಾ ಸ್ವಲ್ಪ ಯೋಚಿಸಿದಳು. "ಸದ್ಯಕ್ಕೆ ಮನೇಲೇ ಇದಾನೆ," ಎಂದಳು.