ಅಂಕಣದ ನಡುವೆ ಹೊರಸು

ಆಟದ ಋತು ಅರ್ಧಕ್ಕೆ ಬಂದಾಗ ಸಾಂಕ್ರಾಮಿಕ ವಕ್ಕರಿಸಿದರೆ ಲೀಗನ್ನು ಏನು ಮಾಡಬೇಕು ಎಂದು ಜಗತ್ತಿನ ದೊಡ್ಡ ದೊಡ್ಡ ಲೀಗುಗಳ ದೊಡ್ಡ ದೊಡ್ಡ ಮಂದಿ ತಲೆ ಕೆರೆದುಕೊಂಡು ಕೂತಿದ್ದರಲ್ಲ, ಆಗ ಒಂದೇ ಒಂದು ಫೋನು ಮಾಡಿ ಭಾಲ್ಕಿಯ ನಮ್ಮ ಮಾಮಾನನ್ನು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಅವರ ನಸೀಬು! ಮಾಮಾ ಮಾತ್ರ ಆ ಫೋನಿಗಾಗಿ ನಿಜಕ್ಕೂ ಕಾದಿದ್ದ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಗಂಟಲು ಸರಿಮಾಡಿಕೊಂಡು ಎತ್ತುತ್ತಿದ್ದ. ಆ ಕಡೆಯಿಂದ ಯಾವುದೋ ಹುಡುಗಿ ಸಾಲ ಬೇಕೇ ಎಂದು ಕೇಳಿದರೆ, "ಸಾಲ ಬ್ಯಾಡವ್ವಾ. ನಿಮ್ಮ ಸಾಹೇಬರಿಗಿ ಕಬಡ್ಡಿ ಬಗ್ಗಿ ಏನಾರ ಕೇಳೂದು ಅದಾ ಏನು, ಜರಾ ವಿಚಾರ್ಸು" ಎನ್ನುತ್ತಿದ್ದ.

ಮಾಮಾ ಎಂದರೆ ನಮ್ಮ ಅವ್ವನ ತಮ್ಮ. ಭಾಲ್ಕಿಯಲ್ಲಿ ಶಾಮಿಯಾನಾ ಮತ್ತು ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವ ಅಂಗಡಿ. ಅದು ಹೊಟ್ಟೆಪಾಡು. ಉಸಿರಾಡುವುದು ಮಾತ್ರ ಕಬಡ್ಡಿ ಲೀಗಿಗಾಗಿ. ಬೀದರ, ಭಾಲ್ಕಿ, ಔರಾದ, ಬಗದಲ್, ಖಟಕ ಚಿಂಚೋಳಿಗಳಿಂದ ತಂಡ ಕಟ್ಟಿಸಿ, ಸಿಮೆಂಟಿನವರು, ಬೀಜ-ಗೊಬ್ಬರದವರು, ಒಬ್ಬ ಹಲ್ಲಿನ ಡಾಕ್ಟರು, ಹೀಗೆ ಒಬ್ಬೊಬ್ಬರನ್ನು ಹಿಡಿದು ತಂಡಗಳ ಮಾಲಕರನ್ನಾಗಿ ಮಾಡಿದ್ದ. ಆಟಗಾರರಿಗೆ ಸಂಭಾವನೆ ಉಂಟು, ಬಣ್ಣದ ಬನಿಯನ್ ಉಂಟು. "ನಮ್ದು ಪ್ರೊಫೆಷನಲ್ ಲೀಗ್ ಅದಾರಿ" ಎಂದು ಕೇಳದವರಿಗೂ ಹೇಳುತ್ತಿದ್ದ. ಅಧ್ಯಕ್ಷನೂ ಅವನೇ, ಕಾರ್ಯದರ್ಶಿಯೂ ಅವನೇ, ಮೈಕಿನಲ್ಲಿ ಒದರುವವನೂ ಅವನೇ.

ಇಷ್ಟೆಲ್ಲ ಮಾಡುವವನು ಒಂದು ಕಾಲದಲ್ಲಿ ಭಾರಿ ಆಟಗಾರನಾಗಿದ್ದಿರಬೇಕು ಅಂದುಕೊಂಡಿರಾ? ಆಡಿದ್ದು ಒಂದೇ ಸಲ, ಶಾಲೆಯಲ್ಲಿ. ದಾಳಿಗೆ ಹೋದವನು ಎದುರು ತಂಡದವರ ಜೊತೆ ಮಾತಿಗೆ ಬಿದ್ದು, ಕಬಡ್ಡಿ ಅನ್ನುವುದನ್ನೇ ಮರೆತು ಔಟಾಗಿ ಬಂದನಂತೆ!

ಆ ವರ್ಷ ಲೀಗು ಅರ್ಧ ದಾಟಿತ್ತು. ರೋಗ ಒಂದು ಸಲ ಬಂದು ಹೋಗಿದೆ, ಇನ್ನು ಬರುವುದಿಲ್ಲ ಎಂದು ಊರೆಲ್ಲ ಮಾಸ್ಕು ಬಿಚ್ಚಿ ಗೂಟಕ್ಕೆ ನೇತುಹಾಕಿದ್ದ ಕಾಲ. ಅಷ್ಟರಲ್ಲಿ ಉದಗೀರದ ಕಡೆಯಿಂದ ಮತ್ತೆ ಸುದ್ದಿ ಬರತೊಡಗಿತು. ಟೀವಿಯಲ್ಲಿ ದೊಡ್ಡ ಲೀಗುಗಳು ಖಾಲಿ ಮೈದಾನದಲ್ಲಿ ನಡೆಯುತ್ತಿದ್ದವು, ಚಪ್ಪಾಳೆಯನ್ನು ಟೇಪಿನಿಂದ ಹಾಕುತ್ತಿದ್ದರು. ಮಾಮಾ ಅದನ್ನು ಕಂಡು, "ನಾ ಮದುವಿಯೊಳಗ ಸನಾದಿ ಟೇಪ್ ಹಾಕ್ತೇನಿ, ಖರೇ. ಆದ್ರ ಮದುಮಗನಾರ ಖರೇ ಇರ್ತಾನ!" ಎಂದು ಗೊಣಗಿದ. ಆದರೂ ಅವರಿಂದ ಒಂದಿಷ್ಟು ಕಲಿಯೋಣ ಎಂದು ಹೊರಟ.

ಮೊದಲು ಬಂದದ್ದು ಮಾಸ್ಕು. ಕಬಡ್ಡಿಯಲ್ಲಿ ದಾಳಿಗಾರ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಿರಬೇಕು, ಅದು ಪಂಚನಿಗೆ, ಅಂದರೆ ಅಂಪೈರಿಗೆ, ಕೇಳಿಸಬೇಕು. ಮಾಸ್ಕು ಹಾಕಿದ ಮೇಲೆ ಯಾರು ಕಬಡ್ಡಿ ಅನ್ನುತ್ತಿದ್ದಾರೆ, ಯಾರು ಪಂಚನನ್ನೇ ಬೈಯುತ್ತಿದ್ದಾರೆ ಒಂದೂ ತಿಳಿಯದಂತಾಯಿತು. ಆಮೇಲೆ ಸ್ಯಾನಿಟೈಸರು. ಕೈಗೆ ಮಾತ್ರ ಯಾಕೆ ಎಂದು ಮಾಮಾ ಆಟಗಾರರ ಕಾಲು, ತೋಳು, ಹೆಗಲಿಗೆಲ್ಲ ಧಾರಾಳವಾಗಿ ಬಳಿಸಿದ. ಅದೇನು ಅಂಟಂಟಾಗಿ ಜಾರುವ ಸರಕೋ, ಅಂದಿನ ಪಂದ್ಯದಲ್ಲಿ ಒಬ್ಬ ದಾಳಿಗಾರನನ್ನೂ ಹಿಡಿಯಲಾಗಲಿಲ್ಲ. ಹಿಡಿದವರ ಕೈಯಿಂದ ಸಾಬೂನಿನ ಹಾಗೆ ಜಾರಿ ಜಾರಿ ಹೋದರು!

ಕೊನೆಗೆ ಬಯೋ ಬಬಲ್ ಎಂಬ ಗುಳ್ಳೆ. ಆಟಗಾರರನ್ನೆಲ್ಲ ಒಂದು ಮದುವೆ ಹಾಲಿನಲ್ಲಿ ಇಟ್ಟು ಹೊರಗಿನವರು ಒಳಗೆ ಬರಬಾರದು, ಒಳಗಿನವರು ಹೊರಗೆ ಹೋಗಬಾರದು ಎಂದು ಬೀಗ ಜಡಿದ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಗೇಟಿನ ಹೊರಗೆ ತಾಯಂದಿರ ಸಾಲು. ಸೀರೆಯ ಸೆರಗಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು. "ಮಕ್ಕಳಿಗಿ ಹೋಟೆಲ್ ಅನ್ನ ಹಾಕಿ ಕೊಲ್ಲಬೇಕಂತ ಮಾಡೀರೇನ್ರಿ?" ಎಂದು ಒಬ್ಬಾಕೆ ಕೇಳಿದ್ದೇ ತಡ, ಬೀಗ ತೆರೆಯಿತು. ದೊಡ್ಡ ಲೀಗುಗಳ ಗುಳ್ಳೆ ಹೇಗೆ ಒಡೆಯಿತೋ ಕಾಣೆ, ನಮ್ಮದು ಶೇಂಗಾ ಹಿಂಡಿಯಿಂದ ಒಡೆಯಿತು.

ಸೆಮಿಫೈನಲ್ ದಿನ. ಭಾಲ್ಕಿಯ ಮೈದಾನ. ಬೆಳಗಿನ ಅಭ್ಯಾಸದಲ್ಲಿ ಬಗದಲ್ ತಂಡದ ಒಬ್ಬ ಹುಡುಗ, ನಾಲ್ವರ ಅಡಿಯಲ್ಲಿ ಸಿಕ್ಕಿಬಿದ್ದವನು, ಎದ್ದು ಕೂತು ಕೆಮ್ಮತೊಡಗಿದ. ಕೆಮ್ಮು ನಿಲ್ಲಲೇ ಇಲ್ಲ. ಅವನ ಮೇಲೆ ಬಿದ್ದಿದ್ದ ನಾಲ್ವರು ಪಕ್ಕದಲ್ಲೇ ಏದುಸಿರು ಬಿಡುತ್ತ ಕೂತಿದ್ದರು. ಮಾಮಾ ಅವರನ್ನು ನೋಡಿದ, ಮೈಕು ಕೆಳಗಿಟ್ಟ. ಅವನು ತಾನಾಗಿ ಮೈಕು ಕೆಳಗಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

"ಲೀಗ್ ಬಂದ್" ಎಂದ.

ಮಾಲಕರು ಮುಗಿಬಿದ್ದರು. ಸರಕಾರದ ಆದೇಶ ಇನ್ನೂ ಬಂದಿರಲಿಲ್ಲ. ಬೀಜ-ಗೊಬ್ಬರದವರು ಔರಾದ ತಂಡದ ಮಾಲಕರು, ಫೈನಲ್ಲಿಗೆಂದು ಆಗಲೇ ಪೇಟ ಹೊಲಿಸಿಕೊಂಡಿದ್ದರು. "ಹುಚ್ಚು ಹಿಡದದೇನ್ರಿ ನಿಮಗ? ಇನ್ನ ಮ್ಯಾಚ್ ಎಷ್ಟು ಉಳದಾವ? ಸೆಮಿ, ಫೈನಲ್. ಆಡಿಸಿ ಮುಗಸ್ರಿ!"

"ಮ್ಯಾಚ್ ಎಷ್ಟು ಉಳದಾವ ನಂಗೂ ಗೊತ್ತದಾರಿ ಸಾಹುಕಾರ್ರ. ಆಡೋ ಹುಡುಗ್ರು ಎಷ್ಟು ಮಂದಿ ಉಳೀಬೇಕು, ಅದನ್ನ ಹೇಳ್ರಿ ನೀವು."

"ನೀವು ಬಂದ್ ಮಾಡಿದ್ರ ನಾವೇ ಆಡಿಸ್ತೇವಿ!"

ಮಾಮಾ ನೇರ ಅಂಗಡಿಗೆ ಹೋದ, ಒಂದು ಹೊರಸು, ಅದೇ ಹಗ್ಗದ ಮಂಚ, ಹೊತ್ತು ತಂದ, ಅಂಕಣದ ನಟ್ಟನಡುವೆ ಗೆರೆಯ ಮೇಲೆ ಇಟ್ಟ, ಕಾಲು ಚಾಚಿ ಮಲಗಿಬಿಟ್ಟ! ಅಂಗಳದಲ್ಲಿ ಹೊರಸು ನೋಡಿದ್ದೇವೆ, ಹೊಲದಲ್ಲಿ ನೋಡಿದ್ದೇವೆ. ಸೆಮಿಫೈನಲ್ಲಿನ ಅಂಕಣದಲ್ಲಿ ಯಾರಾದರೂ ನೋಡಿದ್ದುಂಟೇ? ಮಧ್ಯಾಹ್ನದ ಉರಿಬಿಸಿಲು. ಮಾಮಿ ಬಂದು ಏನೂ ಕೇಳದೆ ತಲೆಯ ಮೇಲೊಂದು ಒದ್ದೆ ಟವೆಲ್ ಹಾಕಿ, ಚಹಾ ಕೊಟ್ಟು ಹೋದಳು. ಮಾಲಕರು ಒದರಿದರು, ಅಂಗಲಾಚಿದರು, ಕೊನೆಗೆ ಹೊರಸಿನ ಸಮೇತ ಎತ್ತಿ ಒಗೆಯುವ ಮಾತೂ ಬಂತು. ಆದರೆ ಎತ್ತಬೇಕೆಂದರೆ ಹತ್ತಿರ ಹೋಗಬೇಕು. ಮಾಮಾ ಜೋರಾಗಿ ಎರಡು ಸಲ ಕೆಮ್ಮಿದ. ಮೈದಾನ ಖಾಲಿ!

ಸಂಜೆ ಎದ್ದು ಕೂತು ತೀರ್ಪು ಹೇಳಿದ. ಅಂಕಗಳು ಇದ್ದಲ್ಲೇ ಇರುತ್ತವೆ. ಯಾರೂ ಸೋತಿಲ್ಲ, ಯಾರೂ ಗೆದ್ದಿಲ್ಲ. ಆಟ ನಿಂತಿದೆ, ಮುಗಿದಿಲ್ಲ.

ಎಲ್ಲರಿಗಿಂತ ಹೆಚ್ಚು ಸಿಟ್ಟಾದವನು ಔರಾದ ತಂಡದ ದಾಳಿಗಾರ, ಸಂತಪುರದ ಸಿದ್ಧಾರ್ಥ. ಇಡೀ ಲೀಗಿನಲ್ಲಿ ಅವನಷ್ಟು ಉದ್ದ ಉಸಿರು ಯಾರಿಗೂ ಇರಲಿಲ್ಲ. ಆ ಸಲ ಫೈನಲ್ ಆಡುವುದು ಅವನಿಗೆ ಖಾತ್ರಿಯಾಗಿತ್ತು. "ಮಾಮಾ, ನನ್ನ ಆಟ ಹಾಳ ಮಾಡಿದ್ರಿ" ಎಂದವನೇ ಸೈಕಲ್ ಮೋಟಾರಿನ ಕಿಕ್ ಒದ್ದು ಹೊರಟುಹೋದ. ಮಾಮಾ ಆ ದಿನ ಊಟ ಮಾಡಲಿಲ್ಲ.

ಕೆಲವೇ ದಿನಗಳಲ್ಲಿ ಊರೂರೇ ಮುಚ್ಚಿತು. ಬೀದರದ ಕಾಲೇಜಿನಲ್ಲಿ ಭೂಗೋಳ ಕಲಿಸುವ ನಾನು, ಪಂದ್ಯ ನೋಡಲು ಬಂದವಳು, ಭಾಲ್ಕಿಯಲ್ಲೇ ಸಿಕ್ಕಿಕೊಂಡೆ. ಹಾಗಾಗಿ ಮಾಮಾನ ಮುಂದಿನ ಹುಚ್ಚಿಗೆ ನಾನೇ ಸಾಕ್ಷಿ. ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಲೀಗಿನ ಪ್ರತಿಯೊಬ್ಬ ಆಟಗಾರನಿಗೂ ಫೋನು ಹಚ್ಚುತ್ತಿದ್ದ. ನಮಸ್ಕಾರವಿಲ್ಲ, ಕ್ಷೇಮ ಸಮಾಚಾರವಿಲ್ಲ. "ಹ್ಞಾಂ, ಅನ್ನು!" ಆ ಕಡೆಯಿಂದ ಒಂದೇ ಉಸಿರಿನಲ್ಲಿ "ಕಬಡ್ಡಿ ಕಬಡ್ಡಿ ಕಬಡ್ಡಿ..." ಉಸಿರು ಮುಗಿದ ಮೇಲೆ, "ಶಾಬಾಸ್, ಇಡು." ಮುಂದಿನವನು.

"ಏನ್ರಿ ಇದು, ಮುಂಜಾನೆದ್ದು ದೇವರ ಹೆಸರ ಕೇಳಬೇಕಾದ ಮನ್ಯಾಗ!" ಎಂದು ಮಾಮಿ ಗೊಣಗಿದರೆ, "ಇದೂ ಉಸಿರಿಂದೇ ಭಜನಿ" ಎನ್ನುತ್ತಿದ್ದ. ಒಂದು ದಿನ ಖಟಕ ಚಿಂಚೋಳಿಯ ಆಟಗಾರನ ಬದಲು ಅವನ ಅಜ್ಜಿ ಫೋನೆತ್ತಿದಳು. ಮೊಮ್ಮಗ ಹೊಲಕ್ಕೆ ಹೋಗಿದ್ದಾನೆ, ಅವನು ದಿನಾ ಅನ್ನುವುದನ್ನು ನಾನೇ ಅಂದುಬಿಡುತ್ತೇನೆ ಎಂದು ಶುರುಮಾಡಿದಳು ನೋಡಿ, ನಿಲ್ಲಿಸಲೇ ಇಲ್ಲ! ಮಾಮಾ ಬೆರಗಾಗಿ, "ಆಯೀ, ಮುಂದಿನ ಸಲ ನೀವೇ ಬರ್ರಿ, ಮೊಮ್ಮಗ ಮನ್ಯಾಗ ಇರ್ಲಿ" ಎಂದ.

ಸಿದ್ಧಾರ್ಥ ಮಾತ್ರ ಸಿಟ್ಟಿನಲ್ಲೇ ಅನ್ನುತ್ತಿದ್ದ. ಆದರೆ ಅನ್ನುತ್ತಿದ್ದ, ಎಲ್ಲರಿಗಿಂತ ಉದ್ದಕ್ಕೆ. ಒಂದು ಬೆಳಿಗ್ಗೆ ಅವನ ಉಸಿರು ನಡುವೆಯೇ ತುಂಡಾಯಿತು.

"ಮತ್ತೊಮ್ಮಿ ಅನ್ನು."

"ಈಗೇ ಎದ್ದೀನಿ ಮಾಮಾ, ನಿದ್ದಿ ಗುಂಗು..."

"ಅನ್ನಪಾ."

ಈ ಸಲ ಇನ್ನೂ ಬೇಗ ಕಡಿಯಿತು. ಹಿಂದೆಯೇ ಕೆಮ್ಮು. ಮಾಮಾ ನನ್ನ ಮುಖ ನೋಡಿದ. ಎದ್ದು ಶಾಮಿಯಾನಾ ಸಾಗಿಸುವ ಟೆಂಪೋದ ಕೀಲಿ ತೆಗೆದುಕೊಂಡ. ನಾನೂ ಮಾಸ್ಕು ಹಾಕಿಕೊಂಡು ಹಿಂದೆ ಹತ್ತಿದೆ.

ದಾರಿಯಲ್ಲಿ ಪೊಲೀಸರು ತಡೆದರು. "ಎಲ್ಲಿಗಿ ಹೊಂಟೀರಿ?"

"ಸಂತಪುರಕ್ಕರಿ. ಒಬ್ಬ ಹುಡುಗಗ ಕಬಡ್ಡಿ ಅನ್ಲಾಕ ಬರವಲ್ದು."

ಪೊಲೀಸಪ್ಪ ಟೆಂಪೋದೊಳಗಿನ ಕಂಬ, ಬಟ್ಟೆ, ಲೌಡ್‌ಸ್ಪೀಕರು ನೋಡಿ ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನಾನು ಇಳಿದು ವಿಷಯ ಬಿಡಿಸಿ ಹೇಳಿದ ಮೇಲೆ ಅವನೇ ಓಡಿಹೋಗಿ ಅಡ್ಡಗಟ್ಟಿದ್ದ ಕಟ್ಟಿಗೆ ಸರಿಸಿದ.

ಸಿದ್ಧಾರ್ಥನ ತಾಯಿ ಬಾಗಿಲಲ್ಲೇ ಇದ್ದಳು. "ಜ್ವರ ಬಂದದಂತ ಯಾರಿಗೂ ಹೇಳಬ್ಯಾಡ ಅಂದಾನ್ರಿ ಅಣ್ಣಾ. ಹೇಳಿದ್ರ ಟೀಮಿನಾಗ ತಗೋಳಲ್ಲಂತ." ಮಾಮಾ ಒಳಗೆ ಹೋಗಿ ಅವನ ಮುಂದೆ ಕೂತು, "ಹುಚ್ಚಪ್ಪಾ, ನೀ ಇಲ್ಲದ ಟೀಮ್ ತಗೊಂಡು ನಾ ಏನ್ ಮಾಡ್ಲಿ?" ಎಂದ. ಸಿದ್ಧಾರ್ಥನಿಗೆ ಜಗಳವಾಡಲೂ ಉಸಿರಿರಲಿಲ್ಲ.

ಬೀದರದ ಆಸ್ಪತ್ರೆಯಲ್ಲಿ ಅದೃಷ್ಟಕ್ಕೆ ಹಾಸಿಗೆ ಸಿಕ್ಕಿತು. ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿದ ಡಾಕ್ಟರಮ್ಮ ಕೂಡಲೇ ಆಮ್ಲಜನಕ ಹಚ್ಚಿಸಿದರು. ಕಬಡ್ಡಿಯ ಕತೆ ಕೇಳಿ, "ನಿಮ್ಮ ಪರೀಕ್ಷೆಗೆ ಯಾವ ಪುಸ್ತಕದಲ್ಲೂ ಜಾಗವಿಲ್ಲ, ಇದನ್ನು ನಂಬಿ ಕೂರಬೇಡಿ. ಪ್ರತಿ ಮನೆಗೂ ಈ ಯಂತ್ರ ಇರಲಿ. ಆದರೆ ಇವತ್ತು ಕರೆತಂದದ್ದು ಒಳ್ಳೆಯದಾಯಿತು" ಎಂದರು. ಮಾಮಾ ತಲೆಯಾಡಿಸಿದ. ಆಸ್ಪತ್ರೆಯ ಹೊರಗಿನ ಬೇವಿನ ಗಿಡದ ಕೆಳಗೆ ಟೆಂಪೋ ನಿಲ್ಲಿಸಿಕೊಂಡು ಅಲ್ಲೇ ಠಿಕಾಣಿ ಹೂಡಿದ. ಕೆಟ್ಟ ದಿನಗಳು ಅವು. ಒಳಗೆ ಹೋದವರೆಲ್ಲ ಹೊರಗೆ ಬರುತ್ತಿರಲಿಲ್ಲ. ಪೇಟ ಹೊಲಿಸಿಕೊಂಡಿದ್ದ ಸಾಹುಕಾರರು ದಿನಾ ಫೋನು ಮಾಡಿ, ಒಂದೇ ಮಾತು ಕೇಳುತ್ತಿದ್ದರು: "ಹ್ಯಾಂಗ ಅದಾನ್ರಿ ಹುಡುಗ?" ಫೈನಲ್ಲಿನ ಸುದ್ದಿ ಎತ್ತಲಿಲ್ಲ. ಬಗದಲ್‌ನ ಹುಡುಗ ಮನೆಯಲ್ಲೇ ಗುಣವಾದ, ಅವನ ಮೇಲೆ ಬಿದ್ದ ನಾಲ್ವರೂ ಗಟ್ಟಿಯಾಗಿದ್ದರು. ಒಂದು ಬೆಳಿಗ್ಗೆ ಡಾಕ್ಟರಮ್ಮ ಹೊರಗೆ ಬಂದು, "ಕರೆದುಕೊಂಡು ಹೋಗಿ" ಎಂದಾಗ ಮಾಮಾ ಟೆಂಪೋದ ಮೆಟ್ಟಿಲ ಮೇಲೆ ಕೂತೇಬಿಟ್ಟ.

ಮಡಚಿದ ಶಾಮಿಯಾನಾದ ಮೇಲೆ ತಾಯಿಯ ತೊಡೆಗೆ ತಲೆಯಿಟ್ಟು ಸಿದ್ಧಾರ್ಥ ಮಲಗಿದ. ಅರ್ಧದಷ್ಟಾಗಿದ್ದ. ಟೆಂಪೋ ಹೊರಡುವ ಮೊದಲು ಸಣ್ಣ ದನಿಯಲ್ಲಿ ಕೇಳಿದ, "ಮಾಮಾ, ಲೀಗ್ ಮುಂದ ನಡೀತದಾ?"

"ನಡೀಲಾರ್ದೆ ಏನು? ನಿಂತಲ್ಲಿಂದ್ಲೇ ಶುರು. ನಿಂದು ಜಾಗಾ ಹಂಗೇ ಅದಾ."

ಊರು ದಾಟಿ ಔರಾದ ರಸ್ತೆ ಹಿಡಿಯುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತು. ಆಸ್ಪತ್ರೆಯಲ್ಲಿ ಒಂದು ದಿನವೂ ನೆಟ್ಟಗೆ ಮಲಗಿರಲಿಲ್ಲವಂತೆ. ರಸ್ತೆಯ ಒಂದು ಗುಂಡಿಗೆ ಟೆಂಪೋ ಕುಲುಕಿ ಅವನು ಮುಲುಗಿದ. ಮಾಮಾ ಗಾಡಿ ಪಕ್ಕಕ್ಕೆ ತೆಗೆದು ನಿಲ್ಲಿಸಿ, ಎಂಜಿನ್ ಆರಿಸಿ, ಹಿಂದೆ ಬಂದು ನೋಡಿದ. ಬಿಸಿಲು ನೇರ ಹುಡುಗನ ಮುಖದ ಮೇಲೆ ಬಿದ್ದಿತ್ತು. ಒಂದು ಪರದೆ ಬಟ್ಟೆ ಎಳೆದುಕೊಂಡು, ಟೆಂಪೋದ ಪಕ್ಕ ನಿಂತು, ಎರಡೂ ಕೈ ಎತ್ತಿ ನೆರಳು ಹಿಡಿದ. ಸುತ್ತ ಕಟಾವಾದ ಹೊಲ, ದೂರದವರೆಗೂ ಒಂದು ಜೀವವಿಲ್ಲ. ಹುಡುಗನ ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ನಾವು ಮೂವರೂ ಅದನ್ನೇ ನೋಡುತ್ತಿದ್ದೆವು.

ಬಹಳ ಹೊತ್ತಿನ ಮೇಲೆ ತಾಯಿ ಪಿಸುಗುಟ್ಟಿದಳು, "ಸಾಕ್ರಿ ಅಣ್ಣಾ. ಕೈ ನೋಯ್ತಾವ."

"ಮಲಗ್ಲಿ ಬಿಡ್ರಿ ಅಕ್ಕಾ" ಎಂದ ಮಾಮಾ. "ನಮಗೇನು ಅವಸರ ಅದಾ?"